ನಲವತ್ತು ಹಲ್ಲು ಕಟ್ಟುವ ಬೆಟ್ಟಯ್ಯ

ನಾಗರಭಾವಿ ಕಡೆಯ ಹೊಲಗಳ ಮೇಲಿನ ಮಂಜು ಇನ್ನೂ ಎದ್ದಿಲ್ಲ. ರಾಗಿ ತೆನೆಗಳು ಒದ್ದೆಯಾಗಿ, ಬೆಳಿಗ್ಗೆ ಎಬ್ಬಿಸಿದ ಮಕ್ಕಳ ಹಾಗೆ ತಲೆ ತೂಗುತ್ತ ನಿಂತಿವೆ. ಹೊಲದ ಅಂಚಿನಲ್ಲಿ ಕೆಂಪು ಬಣ್ಣ ಅಲ್ಲಲ್ಲಿ ಕಿತ್ತುಬಂದ ಒಂದು ಕೊಯ್ಲು ಯಂತ್ರ. ಉದ್ದಕ್ಕೆ ಮೂರು ಎತ್ತಿನ ಗಾಡಿಯಷ್ಟಿದೆ, ಎತ್ತರಕ್ಕೆ ನಮ್ಮ ಚಿಕ್ಕ ಮನೆಗಳಷ್ಟಿದೆ. ಅದರ ಬಾಯಿಯ ಮುಂದೆ ಗೋಣಿಚೀಲ ಹಾಸಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಾರೆ ಮಾರೇನಹಳ್ಳಿಯ ಬೆಟ್ಟಯ್ಯ.

ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ. ಮುಚ್ಚಳ ತೆಗೆದರೆ ಎಡಗಡೆ ಕ್ಷೌರದ ಕತ್ತಿ, ಕತ್ತರಿ, ಬಾಚಣಿಗೆ, ಪಟಿಕದ ಕಲ್ಲು. ಬಲಗಡೆ ಸುತ್ತಿಗೆ, ಚಾಣ, ನಶ್ಯದ ಡಬ್ಬಿಯೊಂದರ ತುಂಬ ರಿವೆಟ್ಟು. ನಡುವೆ ಹಳೆಯ ಕ್ಯಾಲೆಂಡರಿನ ರಟ್ಟು ಅಡ್ಡ ನಿಂತಿದೆ. ಮೊದಲು ಈ ರಟ್ಟು ಇರಲಿಲ್ಲವಂತೆ. ಒಂದು ದಿನ ಗ್ರೀಸು ಹತ್ತಿದ ಬ್ರಷ್ಷಿನಿಂದಲೇ ಅಂಚೆ ಪೇದೆಯ ಮುಖಕ್ಕೆ ಸೋಪು ಹಚ್ಚಿಬಿಟ್ಟರು. ಆತ ಎರಡು ದಿನ ಸೀಮೆಎಣ್ಣೆಯಲ್ಲಿ ಮುಖ ತೊಳೆದುಕೊಂಡ ಮೇಲೆ ರಟ್ಟು ಬಂತು.

ಹೌದು, ಬೆಟ್ಟಯ್ಯ ಕ್ಷೌರಿಕರು. ಊರಿನ ಹೊಂಗೆ ಮರದ ಕೆಳಗೆ ಮೂವತ್ತೈದು ವರ್ಷದಿಂದ ತಲೆಗೂದಲು ಕತ್ತರಿಸುತ್ತಿದ್ದಾರೆ. ಆದರೆ ಕಳೆದ ಮೂರು ಸುಗ್ಗಿಯಿಂದ ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗೆ ಈ ಯಂತ್ರ ಯಾವ ಹೊಲಕ್ಕೆ ಇಳಿದರೂ, ಅದರ ಸವೆದ ಅಲಗುಗಳನ್ನು ಬಿಚ್ಚಿ ಹೊಸವನ್ನು ಕೂರಿಸುವವರು ಇವರೇ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಯಂತ್ರದ ಒಡೆತನ ರಾಜಾಜಿನಗರದ ಒಂದು ಟ್ರಾಕ್ಟರ್ ಬಾಡಿಗೆ ಕಂಪನಿಯದು. ಅಲ್ಲಿ ಪ್ಯಾಂಟು ತೊಟ್ಟ ಫಿಟ್ಟರುಗಳಿಗೆ ಕೊರತೆಯಿಲ್ಲ. ಆದರೂ ಹಿಂದಿನ ದಿನ ಸಂಜೆ ಸೈಕಲ್ಲಿನಲ್ಲಿ ಆಳು ಬರುವುದು ಮಾರೇನಹಳ್ಳಿಗೇ.

ಕೆಲಸ ಏನೆಂದರೆ ಇದು. ಯಂತ್ರದ ಬಾಯಿಗೆ ಅಡ್ಡಲಾಗಿ ಹತ್ತಡಿ ಉದ್ದದ ಒಂದು ಕಬ್ಬಿಣದ ಪಟ್ಟಿ. ಅದರ ಮೇಲೆ ಸಾಲಾಗಿ ಮೂರು ಮೂಲೆಯ ನಲವತ್ತು ಅಲಗುಗಳು. ಬೆಟ್ಟಯ್ಯ ಇವನ್ನು ಹಲ್ಲು ಅನ್ನುತ್ತಾರೆ. ಒಂದೊಂದು ಹಲ್ಲಿಗೆ ಎರಡು ರಿವೆಟ್ಟು. ಎಂಜಿನ್ ತಿರುಗಿದಾಗ ಪಟ್ಟಿ ಎಡಕ್ಕೂ ಬಲಕ್ಕೂ ಸರಸರನೆ ಓಡಾಡುತ್ತದೆ, ನಡುವೆ ಸಿಕ್ಕಿದ ರಾಗಿ ದಂಟು ಕತ್ತರಿಸಿ ಬೀಳುತ್ತದೆ. ಹಲ್ಲು ಸವೆದರೆ, ಮೊಂಡಾದರೆ, ಕಲ್ಲಿಗೆ ತಾಗಿ ಮುರಿದರೆ ಕೊಯ್ಲು ಕೆಡುತ್ತದೆ.

"ತಲೆ ಮಿಷನ್ನಿಗೂ ಇದಕ್ಕೂ ಏನು ವ್ಯತ್ಯಾಸ ಸಾರ್?" ಎಂದು ಬೆಟ್ಟಯ್ಯ ತಮ್ಮ ಪೆಟ್ಟಿಗೆಯಿಂದ ಕೂದಲು ಕತ್ತರಿಸುವ ಮಿಷನ್ ತೆಗೆದು ಹಿಡಿ ಒತ್ತಿ ತೋರಿಸುತ್ತಾರೆ. "ಅದು ನಾಲ್ಕು ಬೆರಳಗಲ, ಇದು ಹತ್ತಡಿ. ಅದರ ಕೆಳಗೆ ಕೂತೋನು ಸುಮ್ಕಿರದೆ ಮಾತಾಡ್ತಾ ಇರ್ತಾನೆ. ರಾಗಿ ಮಾತಾಡಲ್ಲ. ಅಷ್ಟೇ."

ಈ ಯಂತ್ರದ ಜೊತೆ ಬೆಟ್ಟಯ್ಯನವರ ನಂಟು ಶುರುವಾದದ್ದು ಭಯದಿಂದ. ಐವತ್ತಾರನೇ ಇಸವಿಯ ಸುಗ್ಗಿಗೆ ಮೊದಲು ಕಂಪನಿಯವರು ಊರೂರಲ್ಲಿ ಕರಪತ್ರ ಹಂಚಿದರು. ಓದು ಬಲ್ಲ ಒಬ್ಬರು ಹೊಂಗೆ ಮರದ ಕೆಳಗೆ ಕೂತು ಅದನ್ನು ಗಟ್ಟಿಯಾಗಿ ಓದಿದರು: "ಕ್ರಾಪ್ ಕಟಿಂಗ್ ಮಿಷನ್ ಬರುತ್ತಿದೆ. ಇಪ್ಪತ್ತು ಆಳಿನ ಕೆಲಸ ಒಂದೇ ಗಂಟೆಯಲ್ಲಿ." ಬೆಟ್ಟಯ್ಯನವರಿಗೆ ಕ್ರಾಪ್ ಅಂದರೆ ಒಂದೇ ಅರ್ಥ. ಅವರು ದಿನಾ ಹೊಡೆಯುವುದೇ ಕ್ರಾಪು.

"ಕೈಲಿದ್ದ ಬಾಚಣಿಗೆ ಬಿದ್ದೋಯ್ತು ಸಾರ್. ಇಪ್ಪತ್ತು ಜನದ ಕ್ರಾಪು ಒಂದು ಗಂಟೇಲಿ ಅಂದ್ರೆ, ಊರಿಗೆ ಊರೇ ಮಧ್ಯಾಹ್ನದೊಳಗೆ ಮುಗೀತಲ್ಲ. ಆಮೇಲೆ ನಾನೇನು ಮಾಡ್ಲಿ?"

ಮನೆಗೆ ಹೋಗಿ ಹೆಂಡತಿ ಚಿಕ್ಕಗಂಗಮ್ಮನವರಿಗೆ ಹೇಳಿದರಂತೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ದೊಡ್ಡ ಮಿಷನ್ನಿಗೆ ಕಿವಿ ಎಲ್ಲೈತೆ ಅಂತ ಹೆಂಗೆ ಗೊತ್ತಾಗ್ತದೆ?" ಇದರಿಂದ ಬೆಟ್ಟಯ್ಯನವರಿಗೆ ಸ್ವಲ್ಪ ಧೈರ್ಯ ಬಂತು. ಪೂರ್ತಿ ಬರಲಿಲ್ಲ. ಕಣ್ಣಾರೆ ನೋಡಿಬಿಡೋಣವೆಂದು, ಮಿಷನ್ ಬರುವ ದಿನ ಪೆಟ್ಟಿಗೆ ಹಿಡಿದು ರೇವಣಸಿದ್ದಪ್ಪನವರ ಹೊಲಕ್ಕೆ ಹೋದರು. ರೇವಣಸಿದ್ದಪ್ಪನವರು ಎಂಟು ಎಕರೆ ರಾಗಿ ಬೆಳೆಯುವ ಯಜಮಾನರು, ಬೆಟ್ಟಯ್ಯನವರ ಹಳೆಯ ಗಿರಾಕಿ. ಅಂದು ಬೀಗರು ಬರುವವರಿದ್ದುದರಿಂದ ಬದುವಿನ ಮೇಲೆಯೇ ಕ್ಷೌರಕ್ಕೆ ಕೂತರು.

ಮಿಷನ್ ಬಂತು. ಟ್ರಾಕ್ಟರಿನ ಹಿಂದೆ ಎಳೆಸಿಕೊಂಡು, ದಾರಿಯ ಎರಡೂ ಕಡೆಯ ಕಳ್ಳಿ ಬೇಲಿಯನ್ನು ಕೊಯ್ಯದೆಯೇ ಮುರಿದುಕೊಂಡು ಬಂತು. ಅದನ್ನು ನಡೆಸುವವನು ಜಂಬಣ್ಣ, ಬಳ್ಳಾರಿ ಕಡೆಯ ಯುವಕ. ಅಣೆಕಟ್ಟಿನ ಕೆಲಸದಲ್ಲಿ ದೊಡ್ಡ ದೊಡ್ಡ ಎಂಜಿನ್ನು ಓಡಿಸಿದವನು. ಎಂಜಿನ್ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ಅಲಗಿನ ಬಗ್ಗೆ ಗೊತ್ತಿದ್ದದ್ದೇನೂ ಇಲ್ಲ.

ಎದುರಿನ ಬದುವಿನ ಮೇಲೆ ಇಪ್ಪತ್ತು ಜನ ಹೆಂಗಸರು ಕುಡುಗೋಲು ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕೂತಿದ್ದರು. ಪ್ರತಿ ವರ್ಷ ಆ ಹೊಲ ಕೊಯ್ಯುತ್ತಿದ್ದವರು ಇವರೇ. ಈ ಸಲ ಬರಬೇಡಿ ಎಂದು ಹೇಳಿ ಕಳುಹಿಸಲಾಗಿತ್ತು. ಕೊಯ್ಯಲು ತಾನೇ ಬರಬೇಡಿ ಅಂದದ್ದು, ನೋಡಲು ಬರಬೇಡಿ ಅಂದಿಲ್ಲವಲ್ಲ ಎಂದು ಅವರ ಮುಂದಾಳು ಪಟಾಲಮ್ಮ ಎಲ್ಲರನ್ನೂ ಕರೆದುಕೊಂಡು ಬಂದಿದ್ದರು.

ಎಂಜಿನ್ ಗುಡುಗಿತು. ಮಿಷನ್ ರಾಗಿಯೊಳಕ್ಕೆ ನುಗ್ಗಿತು. ಹತ್ತು ಮಾರು ಹೋಗುವಷ್ಟರಲ್ಲಿ ಅದರ ಬಾಯಲ್ಲಿ ರಾಗಿ ಗಿಡ ಬೇರು ಸಮೇತ, ಮಣ್ಣಿನ ಹೆಂಟೆ ಸಮೇತ ಜೋತಾಡುತ್ತಿತ್ತು. ಜಂಬಣ್ಣ ನಿಲ್ಲಿಸಿದ, ಬಿಡಿಸಿದ, ಮತ್ತೆ ಓಡಿಸಿದ. ಮತ್ತೆ ಅದೇ. ಮೂರನೇ ಸಲಕ್ಕೆ ಪಟಾಲಮ್ಮ ಎದ್ದು ನಿಂತರು.

"ಯಜಮಾನ್ರೇ, ಅದು ಕೊಯ್ತಾ ಐತೋ ಕಳೆ ಕೀಳ್ತಾ ಐತೋ?"

ಹತ್ತೊಂಬತ್ತು ಜನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ರೇವಣಸಿದ್ದಪ್ಪನವರ ಮುಖ ಕೆಂಪಾಯಿತು ಎನ್ನುತ್ತಾರೆ ನೋಡಿದವರು, ಸೋಪಿಲ್ಲದ ಅರ್ಧ ಭಾಗವಷ್ಟೇ ಕಾಣುತ್ತಿತ್ತು. ನಗುವ ವಿಷಯವೂ ಅದಾಗಿರಲಿಲ್ಲ. ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. ರಾಗಿ ಪೂರ್ತಿ ಮಾಗಿತ್ತು. ಮಳೆ ಹೊಡೆದರೆ ತೆನೆ ನೆಲ ಹಿಡಿದು ಮೊಳಕೆ ಬರುತ್ತದೆ. ಆಳುಗಳನ್ನು ಬೇಡ ಎಂದಾಗಿದೆ. ಈಗ ಪಟಾಲಮ್ಮನನ್ನು ಕರೆಯುವುದಕ್ಕಿಂತ ಮಳೆಯಲ್ಲಿ ನೆನೆಯುವುದೇ ಮೇಲು ಎಂಬ ಸ್ವಭಾವ ಅವರದು.

ಬೆಟ್ಟಯ್ಯ ಕತ್ತಿ ಹಿಡಿದುಕೊಂಡು ಅಷ್ಟು ಹೊತ್ತೂ ಮಿಷನ್ನಿನ ಬಾಯನ್ನೇ ನೋಡುತ್ತಿದ್ದರು. ಕ್ರಾಪಿನ ಭಯ ಹೋಗಿತ್ತು. ಬೇರೊಂದು ಹುಳ ತಲೆ ಹೊಕ್ಕಿತ್ತು.

"ಬುದ್ಧೀ," ಎಂದರು. "ತಲೆ ಮಿಷನ್ನಿನ ತಿರುಪು ಸಡಿಲ ಆದ್ರೆ ಹಿಂಗೇ ಆಗ್ತದೆ. ಕೂದಲು ಕತ್ತರಿಸಲ್ಲ, ಎರಡು ಅಲಗಿನ ಮಧ್ಯ ಮಡಿಸ್ಕೊಂಡು ಕೀಳ್ತದೆ. ನಿಮಗೇ ಒಂದ್ಸಲ ಆಗಿತ್ತಲ್ಲ, ನೀವು ನನ್ನ ಒದ್ದಿದ್ರಿ."

ರೇವಣಸಿದ್ದಪ್ಪನವರಿಗೆ ನೆನಪಾಯಿತು. ನೋವು ಕೂಡ ನೆನಪಾಯಿತು. "ಹೋಗಿ ನೋಡು" ಎಂದರು.

"ಇನ್ನೊಂದು ಕೆನ್ನೆ ಐತೆ ಬುದ್ಧಿ."

"ಕೆನ್ನೆ ಎಲ್ಲೂ ಓಡೋಗಲ್ಲ ಕಣೋ. ಮೋಡ ನೋಡು."

ಜಂಬಣ್ಣನಿಗೆ ಅವಮಾನವಾಯಿತು. ವಿಲಾಯಿತಿ ಯಂತ್ರವನ್ನು ಹಜಾಮತಿಯವರು ನೋಡುವುದೆಂದರೇನು ಎಂದು ಅವನು ಟ್ರಾಕ್ಟರಿನ ಸೀಟಿನ ಮೇಲೇ ಮುಖ ತಿರುಗಿಸಿ ಕೂತ. ಬೆಟ್ಟಯ್ಯ ಮಲಗಿಕೊಂಡು ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದರು. ಮೊದಲು ಹಲ್ಲುಗಳು. ಕೆಲವು ಮೊಂಡು, ಕೆಲವಕ್ಕೆ ತುದಿಯೇ ಇಲ್ಲ, ಹನ್ನೊಂದು ಅರ್ಧಕ್ಕೆ ಮುರಿದಿವೆ. ಎರಡನೆಯದಾಗಿ, ಪಟ್ಟಿಯನ್ನು ಮೇಲಿನಿಂದ ಒತ್ತಿ ಹಿಡಿಯಬೇಕಾದ ಕೊಕ್ಕೆಗಳು ಸಡಿಲವಾಗಿ ಪಟ್ಟಿ ಒಂದು ಕಾಳಿನಷ್ಟು ಮೇಲೆದ್ದು ಕುಣಿಯುತ್ತಿದೆ. ಕೊಕ್ಕೆ ತಟ್ಟಿ ಬಿಗಿಸಬಹುದು, ಹೊಸ ಹಲ್ಲು ಇದ್ದರೆ ಆದೀತು, ಅಂದರು.

"ಹೊಸ ಹಲ್ಲು ಎಲ್ಲಿಂದ ತರೋದು?" ಎಂದ ಜಂಬಣ್ಣ.

ಅವನು ಕಾಲಿಟ್ಟುಕೊಂಡಿದ್ದ ಮರದ ಡಬ್ಬಿಯ ಮೇಲೆ ಬೆಟ್ಟಯ್ಯನವರ ಕಣ್ಣು ಬಿತ್ತು. ಅದರ ಮೇಲೆ ಹಲ್ಲಿನ ಚಿತ್ರವೇ ಅಚ್ಚಾಗಿತ್ತು. ಮಿಷನ್ನಿನ ಜೊತೆ ಬಂದ ಡಬ್ಬಿ. ಮೂರು ವಾರದಿಂದ ಜಂಬಣ್ಣ ಅದನ್ನು ಕಾಲುಮಣೆ ಮಾಡಿಕೊಂಡಿದ್ದ, ಊಟದ ಹೊತ್ತಿಗೆ ತಟ್ಟೆ ಇಡುವ ಮಣೆಯನ್ನೂ ಮಾಡಿಕೊಂಡಿದ್ದ. ಒಡೆದು ನೋಡಿದರೆ ಎಣ್ಣೆ ಕಾಗದದಲ್ಲಿ ಸುತ್ತಿದ ಐವತ್ತು ಹೊಸ ಹಲ್ಲು, ಒಂದು ಪೊಟ್ಟಣ ರಿವೆಟ್ಟು.

ಹಳೆಯ ಹಲ್ಲು ಬಿಚ್ಚಬೇಕಾದರೆ ಕೆಳಗೆ ಗಟ್ಟಿಯಾದ ಆಸರೆ ಇಟ್ಟು ಮೇಲಿನಿಂದ ಏಟು ಹಾಕಬೇಕು, ರಿವೆಟ್ಟು ಕತ್ತರಿಸಿ ಹಾರುತ್ತದೆ. ಹೊಲದಲ್ಲಿ ಅಡಿಗಲ್ಲು ಎಲ್ಲಿಂದ ಬರಬೇಕು? ಕಣದ ಪಕ್ಕ ರಾಗಿ ತುಳಿಸುವ ರೋಣಗಲ್ಲು ಬಿದ್ದಿತ್ತು. ಮಿಷನ್ ಬಂದರೆ ಒಕ್ಕಣೆಯೂ ಅದರದೇ, ರೋಣಗಲ್ಲಿಗೆ ಕೆಲಸವಿಲ್ಲ ಎಂದು ಅದನ್ನು ಆಗಲೇ ಮೂಲೆಗೆ ಉರುಳಿಸಿದ್ದರು. ಅದನ್ನೇ ಉರುಳಿಸಿಕೊಂಡು ಬಂದು ಪಟ್ಟಿಯನ್ನು ಅದರ ಮೇಲೆ ಇಟ್ಟರು. ಹನ್ನೊಂದು ಗಂಟೆಗೆ ಶುರುವಾದ ಏಟು ದೀಪ ಹಚ್ಚುವ ಹೊತ್ತಿಗೆ ನಿಂತಿತು. ಆರನೇ ಹಲ್ಲಿನ ಹೊತ್ತಿಗೆ ಜಂಬಣ್ಣ ತಾನಾಗಿಯೇ ಇಳಿದು ಬಂದು ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡ. "ಹಿಂಗ ಹಿಡೀಲೇನ್ರಿ?" ಎಂದದ್ದು ಅವನು ಬೆಟ್ಟಯ್ಯನವರೊಂದಿಗೆ ಆಡಿದ ಮೊದಲ ಮರ್ಯಾದೆಯ ಮಾತು.

ಆದರೆ ಆ ಏಟು ನಡುವೆ ಒಮ್ಮೆ ನಿಂತಿತ್ತು. ಮಧ್ಯಾಹ್ನ ಪಟಾಲಮ್ಮ ಬಂದು ತಲೆಯ ಮೇಲೆ ನಿಂತರು.

"ಏನಪ್ಪಾ ಬೆಟ್ಟಯ್ಯ, ನಮ್ಮ ಅನ್ನಕ್ಕೆ ಹಲ್ಲು ಕಟ್ತಾ ಇದ್ದೀಯಾ?"

"ನಂಗೆ ಸುತ್ತಿಗೆ ಎತ್ತಕ್ಕೇ ಆಗ್ಲಿಲ್ಲ ಸಾರ್" ಎನ್ನುತ್ತಾರೆ ಬೆಟ್ಟಯ್ಯ ಈಗ. "ಮಿಷನ್ ಬರ್ತದೆ ಅಂದಾಗ ನಂಗೆ ಆದ ಭಯಾನೇ ಆಯಮ್ಮಂಗೂ ಆಗ್ತಾ ಇತ್ತು. ನಂದು ಸುಳ್ಳು ಭಯ, ಆಯಮ್ಮಂದು ನಿಜ."

ಅಂದು ಅವರು ಮುರಿದ ಹನ್ನೊಂದು ಹಲ್ಲುಗಳನ್ನು ನೋಡುತ್ತ ಕೂತರು. ಎಲ್ಲದರ ಮೇಲೂ ಕಲ್ಲಿನ ಗೀರು. ನೋಡುತ್ತ ನೋಡುತ್ತ ಎದ್ದು ನೇರವಾಗಿ ರೇವಣಸಿದ್ದಪ್ಪನವರ ಹತ್ತಿರ ಹೋದರು. ಹೊಲದಲ್ಲಿ ಕಲ್ಲಿದೆ, ಕಲ್ಲು ಆಯದೆ ಮಿಷನ್ ಇಳಿಸಿದರೆ ನಾಳೆ ಸಂಜೆಗೆ ಈ ಹಲ್ಲೂ ಹೋಗುತ್ತದೆ, ರಾಗಿ ಸಾಲಿನೊಳಗೆ ನಡೆದು ಕಲ್ಲು ಆಯುವುದು ತೆನೆ ಉದುರಿಸದೆ ನಡೆಯಬಲ್ಲವರಿಂದ ಮಾತ್ರ ಆಗುವ ಕೆಲಸ ಎಂದರು. ಜೊತೆಗೆ, ಮಿಷನ್ ಮೂಲೆಗಳಲ್ಲಿ ತಿರುಗುವುದಿಲ್ಲ, ಬದುವಿನ ಪಕ್ಕಕ್ಕೆ ಬರುವುದಿಲ್ಲ, ಅಲ್ಲಿ ಕುಡುಗೋಲೇ ಬೇಕು.

"ಕಲ್ಲು ಆಯಿಸದೆ ನಾನು ಹಲ್ಲು ಕಟ್ಟಲ್ಲ ಬುದ್ಧಿ" ಎಂದು ಕೈಮುಗಿದು ನಿಂತರು. ಕೈಮುಗಿದದ್ದು ಮರ್ಯಾದೆಗೆ. ಸುತ್ತಿಗೆ ಮಾತ್ರ ಪೆಟ್ಟಿಗೆ ಸೇರಿಯಾಗಿತ್ತು.

ಅಷ್ಟು ಹೊತ್ತಿಗೆ ಬೀಗರು ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟಿದ್ದರು. ಅರ್ಧ ಮುಖ ನುಣುಪು, ಅರ್ಧ ಮುಖದಲ್ಲಿ ಒಣಗಿದ ಸೋಪು, ಈ ಸ್ಥಿತಿಯಲ್ಲಿ ರೇವಣಸಿದ್ದಪ್ಪನವರು ಬದುವಿನ ಮೇಲೆ ಅವರನ್ನು ಎದುರುಗೊಂಡರು. ಬೀಗರಲ್ಲಿ ಹಿರಿಯರೊಬ್ಬರು ಬಹಳ ಗಂಭೀರವಾಗಿ, ಯಾವ ದೇವರ ಹರಕೆ ಎಂದು ಕೇಳಿದರಂತೆ. "ಸುಗ್ಗಿದು" ಎಂದರು ಯಜಮಾನರು. ಹಿರಿಯರು ಕೈಮುಗಿದರು. ಹೀಗೆ ಎರಡೂ ಕಡೆ ಕೈಮುಗಿದವರ ನಡುವೆ ಸಿಕ್ಕಿಕೊಂಡು ರೇವಣಸಿದ್ದಪ್ಪನವರು ಕಲ್ಲು ಆಯಲು ಒಪ್ಪಿಗೆ ಕೊಟ್ಟರು. ಪಟಾಲಮ್ಮನನ್ನು ತಾವಾಗಿ ಕರೆಯಲಿಲ್ಲ. ಬೆಟ್ಟಯ್ಯ ಕರೆದರು.

ಮಾರನೇ ದಿನ ಬೆಳಿಗ್ಗೆ ಹೆಂಗಸರು ಕಲ್ಲು ಆಯ್ದರು, ಮಿಷನ್ ಇಳಿಯಿತು. ಮೊದಲ ಸುತ್ತಿನಲ್ಲೇ ಸದ್ದು ಬದಲಾಗಿತ್ತು. ಕಿರುಚಾಟ ಹೋಗಿ, ಒಣಹುಲ್ಲಿನ ಮೇಲೆ ಮಳೆ ಬಿದ್ದ ಹಾಗಿನ ಸದ್ದು. ಆ ದಿನ, ಮರುದಿನ, ಎಂಟು ಎಕರೆಯೂ ಮುಗಿಯಿತು. ಮೂರನೇ ದಿನ ಮಳೆ ಬಂದಾಗ ರಾಗಿ ಚೀಲಗಳು ಹಟ್ಟಿಯೊಳಗಿದ್ದವು. ಯಜಮಾನರ ಉಳಿದರ್ಧ ಕ್ಷೌರ ಮುಗಿದದ್ದೂ ಆ ದಿನವೇ.

ಎಲ್ಲವೂ ಸುಖವಾಯಿತು ಎಂದು ಬರೆದರೆ ಪಟಾಲಮ್ಮ ನನ್ನನ್ನು ಬಿಡುವುದಿಲ್ಲ. "ಇಪ್ಪತ್ತು ಜನ ಇದ್ವಿ, ಈಗ ಎಂಟು ಜನ. ಅದನ್ನೂ ಬರ್ಕೊಳಿ" ಎಂದು ಬೆರಳೆಣಿಸಿ ಹೇಳಿದ್ದಾರೆ. ಉಳಿದವರು ರಾಜಾಜಿನಗರದಲ್ಲಿ ಏಳುತ್ತಿರುವ ಕಟ್ಟಡಗಳಿಗೆ ಗಾರೆ ಹೊರಲು ಹೋಗುತ್ತಾರೆ. ಈ ಎಂಟು ಜನ ಮಿಷನ್ನಿನ ಮುಂದೆ ಕಲ್ಲು ಆಯುತ್ತಾರೆ, ಹಿಂದೆ ಮೂಲೆ ಕೊಯ್ಯುತ್ತಾರೆ. ಮಿಷನ್ ಹುಲ್ಲನ್ನು ನುಚ್ಚು ಮಾಡುತ್ತದೆ, ಹಸು ಮೂಸಿ ಬಿಡುತ್ತದೆ ಎಂಬ ದೂರನ್ನು ಪ್ರತಿ ಹೊಲದಲ್ಲೂ ಪ್ರತಿ ಸಲವೂ ಹೇಳುತ್ತಾರೆ. ಬೆಟ್ಟಯ್ಯ ಪ್ರತಿ ಸಲವೂ "ಕಂಪನಿಗೆ ಹೇಳ್ತೀನಿ ಕಣಮ್ಮ" ಎನ್ನುತ್ತಾರೆ. ಹೇಳಿಯೂ ಇದ್ದಾರೆ. ಹಸುವಿಗೆ ಹೇಳಿ ಎಂದು ಕಂಪನಿಯವರು ಅಂದರಂತೆ.

ದಿನದ ಲೆಕ್ಕ ಕೇಳಿದರೆ ಬೆಟ್ಟಯ್ಯ ಎರಡು ಲೆಕ್ಕ ಕೊಡುತ್ತಾರೆ. ಕಲ್ಲಿಲ್ಲದ ಹೊಲವಾದರೆ ದಿನಕ್ಕೆ ಒಂದೆರಡು ಹಲ್ಲು, ಕೆಂಗೇರಿಯಾಚೆಯ ಗರಸು ನೆಲವಾದರೆ ಆರೇಳು. ನಲವತ್ತನ್ನೂ ಬದಲಾಯಿಸುವುದು ಸುಗ್ಗಿಗೆ ಒಂದು ಸಲ, ಈಗ ನಾಲ್ಕೇ ಗಂಟೆಯ ಕೆಲಸ. ರೋಣಗಲ್ಲಿನ ಬದಲು ರೈಲು ಕಂಬಿಯ ತುಂಡೊಂದನ್ನು ಕಂಪನಿ ಕೊಟ್ಟಿದೆ. ಇನ್ನೊಂದು ಲೆಕ್ಕ: ಹೊಲದಲ್ಲೇ ಆಗುವ ಕ್ಷೌರ ಐದಾರು, ಕ್ರಾಪು ಎರಡು ಮೂರು. ಮಿಷನ್ ನಿಂತಾಗ ಅದರ ನೆರಳಲ್ಲಿ ಗಿರಾಕಿಗಳು ಸಾಲಾಗಿ ಕೂರುತ್ತಾರೆ. ಹೊಲದವರು ಮಿಷನ್ ಯಾವಾಗ ಹೊರಡುತ್ತದೆ ಎಂದು ಕೇಳಿದರೆ, ಕೂತವರು ನಮ್ಮ ತಲೆ ಮುಗಿಯಲಿ ಎನ್ನುತ್ತಾರೆ.

ಮನೆಯಲ್ಲಿ ಮಾತ್ರ ಒಂದು ತಕರಾರು ಬಹಳ ದಿನ ನಡೆಯಿತು. ಮಂಗಳವಾರ ಕತ್ತಿ ಮುಟ್ಟುವುದು ಅವರ ಮನೆತನದಲ್ಲೇ ಇಲ್ಲ. ಕಂಪನಿಯವರಿಗೆ ವಾರ ಗೊತ್ತಿಲ್ಲ. ಚಿಕ್ಕಗಂಗಮ್ಮ ಒಂದು ಮಂಗಳವಾರ ಪೆಟ್ಟಿಗೆಯನ್ನೇ ಬಚ್ಚಿಟ್ಟರು. ಗಂಡ ಹೆಂಡತಿ ಇಬ್ಬರೂ ದೇವಸ್ಥಾನದ ಪೂಜಾರಿಗಳನ್ನು ಕೇಳಲು ಹೋದರು. ಅವರು ತಲೆ ಕೆರೆದುಕೊಂಡು, ಮಂಗಳವಾರದ ನಿಯಮ ಕೂದಲಿಗೆ ಇರುವುದು, ರಾಗಿಗೆ ಇದೆಯೆಂದು ನಾನು ಕೇಳಿಲ್ಲ ಎಂದರು. "ಹೋಗಲಿ ಬಿಡಿ ಅಂತ ಒಪ್ಕೊಂಡೆ" ಎನ್ನುತ್ತಾರೆ ಚಿಕ್ಕಗಂಗಮ್ಮ. "ಮೊದಲು ಮನೆ ತುಂಬ ಕೂದಲು ಗುಡಿಸ್ತಿದ್ದೆ, ಈಗ ಗ್ರೀಸು ಉಜ್ತೀನಿ. ಕೂದಲೇ ವಾಸಿ ಇತ್ತು, ಗುಡಿಸಿದ್ರೆ ಹೋಗ್ತಿತ್ತು."

ಇಷ್ಟು ನಗುನಗುತ್ತ ಹೇಳುವ ಬೆಟ್ಟಯ್ಯ, ಹೋದ ವರ್ಷದ ಕೆಂಗೇರಿಯ ಮಾತು ಬಂದಾಗ ಸುತ್ತಿಗೆ ಕೆಳಗಿಡುತ್ತಾರೆ. ಕೆರೆಯ ಪಕ್ಕದ ಹೊಲ. ಅವರು ಹಲ್ಲುಗಳ ನಡುವೆ ಕೈಹಾಕಿ ಸಿಕ್ಕಿದ ಹುಲ್ಲು ತೆಗೆಯುತ್ತಿದ್ದರು. ಅವರು ನೀರು ಕುಡಿಯಲು ಹೋಗಿದ್ದಾರೆ ಅಂದುಕೊಂಡ ಜಂಬಣ್ಣ ಆ ಕಡೆಯಿಂದ ಎಂಜಿನ್ ಶುರು ಮಾಡಲು ಹ್ಯಾಂಡಲ್ ಹಾಕಿ ಅರ್ಧ ಸುತ್ತು ತಿರುಗಿಸಿದ. ಪಟ್ಟಿ ನಾಲ್ಕು ಬೆರಳಗಲ ಸರಿಯಿತು. ಎಂಜಿನ್ ಹಿಡಿಯಲಿಲ್ಲ. ಬೆಟ್ಟಯ್ಯನವರ ಅಂಗಿ ತೋಳಿನ ಗುಂಡಿ ಎರಡು ಹೋಳಾಗಿ ಬಿತ್ತು.

"ಅವನು ಓಡಿ ಬಂದು ನನ್ನ ಕೈ ಹಿಡ್ಕೊಂಡು ಅತ್ತ ಸಾರ್. ನಾನು ಅಳಲಿಲ್ಲ. ಆದ್ರೆ ಎರಡು ದಿನ ಕತ್ತಿ ಹಿಡಿಯಕ್ಕಾಗ್ಲಿಲ್ಲ. ಎರಡು ದಿನ ಊರೆಲ್ಲ ಗಡ್ಡ ಬಿಟ್ಕೊಂಡು ಓಡಾಡ್ತು. ಯಾರೂ ಒಂದು ಮಾತು ಅನ್ಲಿಲ್ಲ."

ಅಂದಿನಿಂದ ಒಂದು ಕಟ್ಟುನಿಟ್ಟು. ಬೆಟ್ಟಯ್ಯ ಅಲಗಿನ ಹತ್ತಿರ ಕೂರುವ ಮೊದಲು ಎಂಜಿನ್ನಿನ ಬೆಲ್ಟು ಬಿಚ್ಚಿಸುತ್ತಾರೆ, ಹ್ಯಾಂಡಲನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಮಿಷನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪಟಾಲಮ್ಮನ ಎಂಟು ಜನರನ್ನೂ ಬದುವಿನ ಮೇಲೆ ಎಣಿಸಿ ಆಮೇಲೆ ಕೊಡುತ್ತಾರೆ. ಕಂಪನಿಯ ಮ್ಯಾನೇಜರು ಒಮ್ಮೆ ಹೊಲಕ್ಕೆ ಬಂದು, ಹೊತ್ತಾಗುತ್ತದೆ ಹ್ಯಾಂಡಲ್ ಕೊಡಿ ಎಂದರಂತೆ. ಬೆಟ್ಟಯ್ಯ ಕೊಡಲಿಲ್ಲ. ಮ್ಯಾನೇಜರು ದನಿ ಏರಿಸಿದರು. ಜಂಬಣ್ಣ ಸೀಟಿನಿಂದ ಇಳಿದು ಬಂದು ಬೆಟ್ಟಯ್ಯನವರ ಪಕ್ಕದಲ್ಲಿ ನಿಂತ. ಪಟಾಲಮ್ಮ ಇನ್ನೊಂದು ಪಕ್ಕದಲ್ಲಿ ನಿಂತರು, ಕೈಯಲ್ಲಿ ಕುಡುಗೋಲು ಇತ್ತು. ಕೊಯ್ಲಿನ ಕಾಲವಾದ್ದರಿಂದ ಅದು ಇರುವುದು ಸಹಜವೇ. ಮ್ಯಾನೇಜರು ಕೂತು ಕ್ಷೌರ ಮಾಡಿಸಿಕೊಂಡು ಹೋದರು.

ಬಿಸಿಲು ಬಂದಿದೆ. ತೆನೆಯ ಮೇಲಿನ ನೀರು ಆರುತ್ತಿದೆ. ಬೆಟ್ಟಯ್ಯ ಕೊನೆಯ ರಿವೆಟ್ಟಿನ ತಲೆಯನ್ನು ತಟ್ಟಿ ಉಬ್ಬಿಸುತ್ತಾರೆ, ಪಟ್ಟಿಯನ್ನು ಜಾಗಕ್ಕೆ ಸೇರಿಸುತ್ತಾರೆ. ಒಂದು ರಾಗಿ ದಂಟು ಮುರಿದು ಹಲ್ಲುಗಳ ನಡುವೆ ಇಟ್ಟು ಕೈಯಿಂದಲೇ ಪಟ್ಟಿ ಸರಿಸಿ ನೋಡುತ್ತಾರೆ. ದಂಟು ಮಡಚುವುದಿಲ್ಲ, ಟಕ್ಕನೆ ತುಂಡಾಗಿ ಬೀಳುತ್ತದೆ. ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಸರಿ ಎನ್ನುವಂತೆ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಬದುವಿನ ಮೇಲೆ ಕೂತವರನ್ನು ಎಣಿಸುತ್ತಾರೆ. ಜಂಬಣ್ಣನಿಗೆ ಹ್ಯಾಂಡಲ್ ಹೋಗುತ್ತದೆ. ಮಿಷನ್ ರಾಗಿಯೊಳಗೆ ಇಳಿಯುತ್ತದೆ.

ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತೇನೆ, ಏನು ಬರೆಯಲಿ ಎಂದು ಬೆಟ್ಟಯ್ಯನವರನ್ನು ಕೇಳುತ್ತೇನೆ. ಫಿಟ್ಟರು ಅಂತ ಬರೆಯಬೇಡಿ, ಊರಲ್ಲಿ ನಗುತ್ತಾರೆ ಎನ್ನುತ್ತಾರೆ. ಗ್ರೀಸಿನ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ಮಡಚಿ ಬಿಡಿಸಿ ನೋಡಿಕೊಳ್ಳುತ್ತಾರೆ.

"ಪಟಾಲಮ್ಮನೋರು ಎಂಟು ಜನ, ಜಂಬಣ್ಣ, ಕಾಳು ಬೀಳೋ ಕಡೆ ಚೀಲ ಹಿಡಿಯೋನು, ನಾನು. ಒಟ್ಟು ಹನ್ನೊಂದು ಜನ ಸಾರ್ ಇದರ ಹತ್ರ ಕೆಲಸ ಮಾಡೋರು. ಮೂರು ಸುಗ್ಗಿ ಆಯ್ತು. ನೂರಾ ಹತ್ತು ಬೆರಳು. ಎಲ್ಲಾ ಅವೆ. ಅಷ್ಟು ಬರೀರಿ."